ಕೊಟ್ಟಿಗೆಯ ಕೆಮ್ಮಿಗೆ ಟಾರ್ಪಾಲು ಮದ್ದಲ್ಲ

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಯಲಹಂಕ, ಆನೇಕಲ್, ಹೊಸಕೋಟೆ ಕಡೆ ಕೊಟ್ಟಿಗೆಗಳ ನಾಲ್ಕೂ ಬದಿಗೆ ಟಾರ್ಪಾಲು ಇಳಿಯುತ್ತದೆ. ಕರು ಕೆಮ್ಮಿದರೆ ‘ಥಂಡಿ ಹಿಡಿದಿದೆ’ ಎಂದು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಾರೆ. ಕೆಡುಕು ಶುರುವಾಗುವುದು ಅಲ್ಲಿಂದಲೇ. ಗಂಜಲದಿಂದ ಏಳುವ ಅಮೋನಿಯಾ ಹೊರಹೋಗದೆ ಶ್ವಾಸನಾಳದ ಒಳಪೊರೆಯನ್ನು ಹಾಳುಮಾಡುತ್ತದೆ. ಉಸಿರಾಟದ ರೋಗ ತರುವ ಆರ್‌ಎಸ್‌ವಿ, ಪ್ಯಾರಾಇನ್‌ಫ್ಲುಯೆಂಜಾ-3, ಐಬಿಆರ್‌ನಂಥ ವೈರಸ್‌ಗಳು ಸೇರಿದರಂತೂ ಬಾಗಿಲು ತೆರೆದಂತೆ. ಆರೋಗ್ಯವಾಗಿರುವ ಕರುವಿನ ಮೂಗು, ಗಂಟಲಲ್ಲೂ ಸುಮ್ಮನೆ ಇದ್ದುಬಿಡುವ ಪಾಶ್ಚುರೆಲ್ಲಾ, ಮ್ಯಾನ್‌ಹೈಮಿಯಾ ಬ್ಯಾಕ್ಟೀರಿಯಾ ಆಗ ಶ್ವಾಸಕೋಶಕ್ಕೆ ಇಳಿಯುತ್ತವೆ. ಪ್ರಾಣ ತೆಗೆಯುವುದು ಹೆಚ್ಚಾಗಿ ಇವೇ.

ಕರು ಮಲಗುವ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಅದರ ಪಾಡು ಕೇಳಬೇಕಿಲ್ಲ. ಗಾಳಿ ಬೀಸುವ ಬದಿಗೆ ಮೂರಡಿ ಎತ್ತರದವರೆಗೆ ಮರೆ ಸಾಕು, ಮೇಲ್ಭಾಗ ತೆರೆದಿರಲಿ. ಬೆಚ್ಚಗಿಡಲು ಒಣಹುಲ್ಲು ದಪ್ಪಗೆ ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆಯಿರಿ.

ಮಾಸು ಬೀಳುವವರೆಗೆ ಗಿಣ್ಣುಹಾಲು ಕುಡಿಸದ ರೂಢಿಯನ್ನೂ ಬಿಡಬೇಕು. 30 ಕೆ.ಜಿ. ಕರುವಿಗೆ 3 ಲೀಟರ್ ಬೇಕು. ಅರ್ಧ ಮೊದಲ 2 ಗಂಟೆಯಲ್ಲಿ, ಉಳಿದದ್ದು 12 ಗಂಟೆಯೊಳಗೆ. ಒಂದು ದಿನ ಕಳೆದರೆ ಕರುಳು ಅದರಲ್ಲಿನ ಪ್ರತಿಕಾಯಗಳನ್ನು (ರೋಗದ ವಿರುದ್ಧ ಹೋರಾಡುವ ಅಂಶಗಳನ್ನು) ಹೀರುವುದಿಲ್ಲ. ಮನೆಯವರ ಗಿಣ್ಣಿನ ಆಸೆ ಆಮೇಲೆ.

ಕುರಿಮರಿಗಳ ಕಥೆ ತುಸು ಬೇರೆ. ಸಂತೆಯಿಂದ ತಂದ ಮರಿಯನ್ನು ಅಂದೇ ಹಿಂಡಿಗೆ ಬಿಟ್ಟರೆ ಕುರಿ, ಮೇಕೆಗಳಿಗೆ ಹರಡುವ ವೈರಸ್ ರೋಗವಾದ ಹಿರೇಬೇನೆಯೂ (ಪಿಪಿಆರ್) ಜೊತೆಗೆ ಬರಬಹುದು. ಮೂರು ವಾರ ಬೇರೆ ಕಟ್ಟಿ. ಕೆಮ್ಮಿನ ಜೊತೆ ಬಾಯಿಹುಣ್ಣು, ಭೇದಿ, ಕಣ್ಣುಮೂಗಲ್ಲಿ ಸೋರಿಕೆ ಕಂಡರೆ ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ. ಹಿರೇಬೇನೆ ಲಸಿಕೆಯನ್ನು ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಹಾಕಿಸಬೇಕು. ಅದಕ್ಕೂ ಮುಂಚೆ ತಾಯಿಯಿಂದ ಬಂದ ಪ್ರತಿಕಾಯಗಳೇ ಅದನ್ನು ನಿಷ್ಫಲಗೊಳಿಸುತ್ತವೆ. ಮಳೆಗಾಲ ಕಳೆದ ಮೇಲೆ ಮೇಯುವ ಮರಿಗಳು ಜ್ವರವಿಲ್ಲದೆ ಕೆಮ್ಮಿದರೆ ಶ್ವಾಸಕೋಶದ ಹುಳುವನ್ನೂ ಅನುಮಾನಿಸಿ, ಹಿಕ್ಕೆ ಪರೀಕ್ಷೆ ಮಾಡಿಸಿ.

ತಲೆಯೆತ್ತಿ ಹಿಡಿದು ಗೊಟ್ಟದಲ್ಲಿ (ಬಿದಿರಿನ ಕೊಳವೆಯಲ್ಲಿ) ಎಣ್ಣೆ, ಕಷಾಯ ಹೊಯ್ಯುವುದು ಬೇಡವೇ ಬೇಡ. ಶ್ವಾಸಕ್ಕೆ ಹೋದರೆ ಅದೇ ನ್ಯುಮೋನಿಯಾ.

ಔಷಧಿ ಅಂಗಡಿಯಲ್ಲಿ ಕೇಳಿ ತಂದ ಪೆನಿಸಿಲಿನ್ ವೈರಸ್‌ಗೆ ತಾಗುವುದಿಲ್ಲ. ಅದು ಮುರಿಯುವ ಕೋಶಭಿತ್ತಿಯೇ (ಜೀವಕೋಶದ ಹೊರಗೋಡೆ) ಇಲ್ಲದ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೂ ಅಷ್ಟೇ. ಎರಡು ದಿನ ಚುಚ್ಚಿ ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂತಾಗಬಹುದು. ಹಿಂಡಿನಲ್ಲಿ ಹಲವಕ್ಕೆ ಕೆಮ್ಮು ಹರಡಿದ್ದರೆ, ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಹೊಸದಾಗಿ ಜ್ವರ ಬಂದ ಎರಡು ಮೂರು ಮರಿಗಳ ಮೂಗಿನ ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿದ ಮಾದರಿ) ತೆಗೆಸಿ, ಮಂಜುಗಡ್ಡೆಯಲ್ಲಿಟ್ಟು ಹೆಬ್ಬಾಳದ ಪಶು ರೋಗ ಪ್ರಯೋಗಾಲಯಕ್ಕೆ ಕಳಿಸುವಂತೆ ನಿಮ್ಮ ಪಶುವೈದ್ಯರನ್ನು ಕೇಳಿ.

– ಒಬ್ಬ ಪಶುವೈದ್ಯ, ಬೆಂಗಳೂರು