ಶನಿವಾರ ಕವಲೇದುರ್ಗ ಕೋಟೆಗೆ: ಮಕ್ಕಳ ಜೊತೆ ನೀವೂ ಬನ್ನಿ

ಪೋಷಕರೇ, ನಮಸ್ಕಾರ.

ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಆ ವಾರದ ಶನಿವಾರ ಬೆಳಿಗ್ಗೆ ನಾಲ್ಕರಿಂದ ಏಳನೇ ತರಗತಿಯ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುತ್ತಿದ್ದೇವೆ.

"ನಮ್ಮೂರ ಕೋಟೆ ತಾನೇ, ಅದರಲ್ಲಿ ಹೊಸದಾಗಿ ನೋಡೋಕೆ ಏನಿದೆ" ಅಂತ ಕೆಲವರಿಗೆ ಅನ್ನಿಸಬಹುದು. ಮಕ್ಕಳಿಗೆ ಅಲ್ಲಿನ ದಾರಿಯೆಲ್ಲಾ ಗೊತ್ತು, ನಿಜ. ಆದರೆ ಭಾನುವಾರ ಬೆಂಗಳೂರಿನಿಂದ ಬಂದವರು "ಇದನ್ನ ಯಾರು ಕಟ್ಟಿಸಿದ್ದು?" ಅಂತ ಕೇಳಿದರೆ ಸುಮ್ನೆ ನಗುತ್ತಾರೆ. ಪರೀಕ್ಷೆಯಲ್ಲಿ 'ಶಿವಪ್ಪನಾಯಕನ ಶಿಸ್ತು' ಬರೆದು ಪೂರ್ತಿ ಅಂಕ ತೆಗೆಯುವ ಮಕ್ಕಳೇ ಇವರು. ಭೂಮಿಯ ಸಾರ ನೋಡಿ ಐದು ಬಗೆ ಮಾಡಿ ಕಂದಾಯ ಗೊತ್ತು ಮಾಡಿದ ದೊರೆ ಅಂತ ಬಾಯಿಪಾಠ ಹೇಳುತ್ತಾರೆ. ಆ ದೊರೆಯ ಕೆಳದಿ ಮನೆತನದ ಕೋಟೆಯೇ ತಮ್ಮ ಊರಿನ ಗುಡ್ಡದ ಮೇಲಿದೆ ಅನ್ನೋದು ಮಾತ್ರ ತಲೆಗೆ ಹೋಗಿಲ್ಲ. ಈ ನಡಿಗೆ ಅದಕ್ಕೇ.

ಕೆಳದಿ ಅರಸರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ನಂತರ ಬಿದನೂರು, ಅಂದರೆ ಈಗಿನ ನಗರ. ನಮ್ಮದು ಆಗ ಭುವನಗಿರಿ ದುರ್ಗ. ವೆಂಕಟಪ್ಪ ನಾಯಕನ ಕಾಲದಲ್ಲಿ ಕೋಟೆ ಗಟ್ಟಿಯಾಯಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನೇ ಎದುರು ಹಾಕಿಕೊಂಡ ರಾಣಿ ಚೆನ್ನಮ್ಮನೂ ಇದೇ ಮನೆತನದವಳು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಈ ಆಳ್ವಿಕೆ ಮುಗಿಯಿತು.

ಇಸವಿಗಳನ್ನು ನಾವು ತರಗತಿಯಲ್ಲೇ ಹೇಳುತ್ತೇವೆ. ಗುಡ್ಡದ ಮೇಲೆ ಕಣ್ಣಲ್ಲಿ ನೋಡಬೇಕಾದದ್ದೇ ಬೇರೆ. ಕೋಟೆಗೆ ಮೂರು ಸುತ್ತು. ಗೋಡೆ ನೆಟ್ಟಗೆ ಹೋಗುವುದಿಲ್ಲ, ಗುಡ್ಡ ತಿರುಗಿದ ಕಡೆ ತಾನೂ ತಿರುಗುತ್ತದೆ. ಬಾಗಿಲಿನ ಪಕ್ಕದ ಕಾವಲು ಕೋಣೆಯಲ್ಲಿ ಕೂತವನಿಗೆ ಹತ್ತಿ ಬರುವವರು ಎಷ್ಟು ದೂರದಿಂದ ಕಾಣುತ್ತಿದ್ದರು ಅಂತ ಮಕ್ಕಳೇ ಕೂತು ನೋಡಲಿ. ಕಾಶಿ ವಿಶ್ವನಾಥ ದೇವಸ್ಥಾನದ ಮುಂದಿನ ಎರಡು ಕಂಬ ಎಲ್ಲರ ಫೋನಿನಲ್ಲೂ ಇವೆ. ಅದರ ಗೋಡೆಯ ಮೇಲಿನ ಹಾವು, ಹಕ್ಕಿಗಳನ್ನು ನಿಂತು ನೋಡುವವರು ಕಡಿಮೆ. ನನಗೆ ಜಾಸ್ತಿ ಇಷ್ಟ ಅರಮನೆಯ ಅಡುಗೆಮನೆ. ಅಲ್ಲಿರುವುದು ಐದು ಬಾಯಿಯ ಕಲ್ಲಿನ ಒಲೆ. ಬೆಂಕಿ ಎಲ್ಲಿ ಹಾಕುತ್ತಿದ್ದರು, ಹೊಗೆ ಎಲ್ಲಿಗೆ ಹೋಗುತ್ತಿತ್ತು, ಪಕ್ಕದ ಬಚ್ಚಲಿನ ನೀರು ಎಲ್ಲಿ ಹರಿಯುತ್ತಿತ್ತು? ಇದನ್ನು ವಿವರಿಸೋಕೆ ನಮ್ಮ ಶಿಕ್ಷಕರಿಗಿಂತ ನಮ್ಮೂರ ಅಜ್ಜಿಯರೇ ಸರಿ. ಸೌದೆ ಒಲೆಯ ವಿಷಯ ಅವರಿಗೆ ಗೊತ್ತು. ನಡೆಯಲು ಆಗುವ ಅಜ್ಜಿಯರನ್ನು ದಯವಿಟ್ಟು ಕಳಿಸಿಕೊಡಿ.

ಅಡಿಕೆ ಕೊಯ್ಲಿನ ಸಮಯ, ಗೊತ್ತು. ಮನೆಗೆ ಒಬ್ಬರು, ಅರ್ಧ ದಿನ ಬಂದರೆ ಸಾಕು.

ಇನ್ನೊಂದು ವಿಷಯ ಸ್ವಲ್ಪ ಖಾರವಾಗಿಯೇ ಹೇಳಬೇಕು. ಗೋಡೆಯ ಮೇಲೆ ಹೃದಯ ಕೊರೆದು ಹೆಸರು ಬರೆಯುವವರೆಲ್ಲಾ ಹೊರಗಿನವರೇ ಅಂತ ನಾವು ಬೈದುಕೊಳ್ಳುತ್ತೇವೆ. ಅದರಲ್ಲಿ ಕೆಲವು ಹೆಸರು ನಮ್ಮ ಹಾಜರಿ ಪುಸ್ತಕದಲ್ಲೂ ಇವೆ, ಅಲ್ವಾ? ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕೋಟೆಯ ಕಲ್ಲು ಬಟ್ಟೆ ಒಗೆಯೋಕೆ ಚೆನ್ನಾಗಿರುತ್ತದೆ ಅಂತ ಮನೆಗೆ ಸಾಗಿಸುವುದೂ ಬೇಡ.

ಮಳೆ ಬಿಟ್ಟರೂ ಹಾಸುಗಲ್ಲಿನ ಮೇಲೆ ಪಾಚಿ ಇರುತ್ತದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ ಕಳಿಸಿ. ಇಂಬಳಕ್ಕೆ ಒಂದು ಚಿಟಿಕೆ ಉಪ್ಪು ಜೇಬಿನಲ್ಲಿರಲಿ. ನೀರು ಸ್ಟೀಲ್ ಬಾಟಲಿಯಲ್ಲಿ, ಚಿಪ್ಸ್ ಪ್ಯಾಕೆಟ್ ಬೇಡವೇ ಬೇಡ. ವಾಪಸ್ ಬಂದ ಮೇಲೆ ಬಿಸಿಯೂಟ ಇದೆ. ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಗುರುವಾರದ ಒಳಗೆ ಕೊಡಿ.

ಇಂತಿ,
ಮುಖ್ಯ ಶಿಕ್ಷಕರು

ವಿ.ಸೂ.: ಮನೆಯಲ್ಲಿ ಹಳೆಯ ಕಡತ, ತಾಳೆಗರಿ ಇದ್ದರೆ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಬೇಡಿ. ಫೋಟೋ ತೆಗೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಸಾಕು.