ಸೈಕಲ್ ಪಥ: ಗೇಟಿನ ಮುಂದೆಯೋ, ಕಾಲುವೆಯ ಹಿಂದೆಯೋ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯಲ್ಲಿ ಸೈಕಲ್ ಪಥ ನಿರ್ಮಿಸಲು ಮೂರು ಮಾರ್ಗಗಳ ನಕ್ಷೆಯನ್ನು ನಿವಾಸಿಗಳ ಮುಂದಿಟ್ಟು ಆಕ್ಷೇಪಣೆಗಳನ್ನು ಆಹ್ವಾನಿಸಲಾಗಿದೆ. ಮೊದಲನೆಯದು ಮುಖ್ಯರಸ್ತೆಯ ಅಂಚಿನಲ್ಲಿ, ಎರಡನೆಯದು ಒಳಗಿನ ಅಡ್ಡರಸ್ತೆಗಳಲ್ಲಿ, ಮೂರನೆಯದು ಮನೆಗಳ ಹಿಂಗೋಡೆಗೆ ಒತ್ತಿಕೊಂಡು ಹರಿಯುವ ಮಳೆನೀರು ಕಾಲುವೆಯ ದಂಡೆಯ ಮೇಲೆ. ಈ ಕುರಿತು ನಡೆದ ಸಭೆಯಲ್ಲಿ ಪಥವೇ ಬೇಡ ಎಂದವರು ಒಬ್ಬರೂ ಇರಲಿಲ್ಲ. ತಮ್ಮ ಗೇಟಿನ ಮುಂದೆ ಬರಲಿ ಎಂದವರೂ ಇರಲಿಲ್ಲ. ಕೊನೆಗೆ ಕಾಲುವೆಯ ದಂಡೆಯೇ ಆಗಲಿ ಎಂದು ಮನವಿಪತ್ರವೊಂದು ಸಿದ್ಧವಾಯಿತು. ಅದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ನನ್ನ ಮನೆ ಮುಖ್ಯರಸ್ತೆಗೆ ಮುಖ ಮಾಡಿದೆ. ಅಂದು ಸಹಿ ಹಾಕಲು ಅದಕ್ಕಿಂತ ದೊಡ್ಡ ಕಾರಣ ನನಗಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಸಹಿ ಹಾಕಿದ ಮೇಲೆ ಕೆಲವು ದಿನ ಬೆಳಿಗ್ಗೆ ಶಾಲೆಯ ವೇಳೆಗೆ ಗೇಟಿನ ಬಳಿ ನಿಂತು ರಸ್ತೆಯನ್ನು ನೋಡಿದೆ. ಒಬ್ಬ ಹುಡುಗ ದಿನವೂ ಒಂದೇ ಜಾಗದಲ್ಲಿ ಪೆಡಲ್ ತುಳಿಯುವುದನ್ನು ನಿಲ್ಲಿಸಿ, ನಿಂತ ಕಾರುಗಳ ಸಾಲು ಮುಗಿಯುವವರೆಗೆ ಹಿಂದೆ ಹಿಂದೆ ತಿರುಗಿ ನೋಡುತ್ತ, ಆಮೇಲೆ ರಸ್ತೆಯ ನಡುವಿಗೆ ಬರುತ್ತಿದ್ದ. ಹಿಂದಕ್ಕೆ ತಿರುಗಿದಾಗಲೆಲ್ಲ ಬೆನ್ನಿನ ಚೀಲದ ಭಾರಕ್ಕೆ ಹ್ಯಾಂಡಲ್ ಒಂದಿಷ್ಟು ರಸ್ತೆಯ ಕಡೆಗೆ ವಾಲುತ್ತಿತ್ತು. ಕಾಲುವೆಯ ದಂಡೆಯಲ್ಲಿ ಪಥವಾದರೆ ಈ ಹುಡುಗ ಅಲ್ಲಿಗೆ ಹೋಗುತ್ತಾನೆಯೇ ಎಂದು ಯೋಚಿಸಿದಾಗ, ಹೋಗಲಾರ ಎಂಬ ಉತ್ತರ ಮರುಕ್ಷಣವೇ ಹೊಳೆಯಿತು. ಅವನ ಶಾಲೆ ಇರುವುದು ಇದೇ ರಸ್ತೆಯ ಕೊನೆಯಲ್ಲಿ. ಕಾಲುವೆ ಹರಿಯುವುದು ಬೇರೆ ದಿಕ್ಕಿಗೆ.

ಹಾಗೆಂದು ನೆರೆಹೊರೆಯವರ ಆತಂಕಗಳನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸರಿಯಲ್ಲ. ಅವುಗಳಲ್ಲಿ ಗೇಟಿನ ಆತಂಕವೇ ಎಲ್ಲಕ್ಕಿಂತ ಗಟ್ಟಿಯಾದುದು. ಕಾಂಪೌಂಡಿನಿಂದ ಕಾರು ಹೊರಬರುವಾಗ ಕಾರಿನ ಮೂಗು ಚಾಲಕನ ಕಣ್ಣಿಗಿಂತ ಸುಮಾರು 2 ಮೀಟರ್ ಮುಂದಿರುತ್ತದೆ. ಆಳೆತ್ತರದ ಗೋಡೆಯಿದ್ದರೆ, ಬರುವವರು ಕಣ್ಣಿಗೆ ಬೀಳುವ ಹೊತ್ತಿಗೆ ಕಾರಿನ ಮುಂಭಾಗ ಪಥದ ಮೇಲೆಯೇ ಇರುತ್ತದೆ. ನಡೆದು ಹೋಗುವವರಿಗಾಗಿ ನಮಗೆ ಅಭ್ಯಾಸವಾಗಿರುವ ನೋಟ ಇಲ್ಲಿ ಸಾಲದು. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುವವರು ಒಂದು ಸೆಕೆಂಡಿನಲ್ಲಿ ಒಂದೂವರೆ ಮೀಟರಿನಷ್ಟೂ ಮುಂದೆ ಹೋಗುವುದಿಲ್ಲ. 18 ಕಿ.ಮೀ. ವೇಗದ ಸೈಕಲ್ ಅದೇ ಒಂದು ಸೆಕೆಂಡಿನಲ್ಲಿ 5 ಮೀಟರ್ ಕ್ರಮಿಸುತ್ತದೆ, ಬ್ರೇಕ್ ಹಿಡಿದ ಮೇಲೂ ನಿಲ್ಲಲು ಇನ್ನೂ ನಾಲ್ಕೈದು ಮೀಟರ್ ಬೇಕು. ಇದು ಸವಾರನ ತಪ್ಪೂ ಅಲ್ಲ, ಮನೆಯವರ ತಪ್ಪೂ ಅಲ್ಲ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ನಕ್ಷೆಯ ತಪ್ಪು.

ನಮಗೆ ತೋರಿಸಿದ ನಕ್ಷೆಯಲ್ಲಿ ಆ ತಪ್ಪು ಎದ್ದು ಕಾಣುತ್ತದೆ. ಖರ್ಚು ಉಳಿಸಲೆಂದೋ ಜಾಗ ಉಳಿಸಲೆಂದೋ, ಹೋಗುವ ಬರುವ ಎರಡೂ ದಿಕ್ಕಿನ ಸೈಕಲ್‌ಗಳನ್ನು ರಸ್ತೆಯ ಒಂದೇ ಬದಿಯ ಪಥಕ್ಕೆ ತುಂಬಲಾಗಿದೆ. ಗೇಟುಗಳು ಮತ್ತು ಅಡ್ಡರಸ್ತೆಗಳು ಸಾಲಾಗಿರುವ ಕಡೆ ಇಂತಹ ದ್ವಿಮುಖ ಪಥ ಅಪಾಯಕಾರಿ ಎಂಬುದು ರಸ್ತೆ ವಿನ್ಯಾಸಕಾರರಿಗೆ ಹೊಸ ವಿಷಯವಲ್ಲ. ರಸ್ತೆಗಿಳಿಯುವ ಚಾಲಕ ವಾಹನಗಳು ಬರುವ ಕಡೆಗೆ ಕಣ್ಣಿಟ್ಟಿರುತ್ತಾನೆ. ಅದರ ವಿರುದ್ಧ ದಿಕ್ಕಿನಿಂದ ಸದ್ದಿಲ್ಲದೆ ಬರುವ ಸೈಕಲ್ ಅವನ ಗಮನಕ್ಕೆ ಬರುವುದು ತಡವಾಗಿ. ರಸ್ತೆಯ ಎರಡೂ ಬದಿಗಳಲ್ಲಿ ಒಂದೊಂದು ಏಕಮುಖ ಪಥ ಮಾಡಿ, ಗೇಟುಗಳ ಎದುರು ಪಥದ ಮಟ್ಟವನ್ನು ತಗ್ಗಿಸದೆ ಒಂದೇ ಸಮನಾಗಿ ಮುಂದುವರಿಸಿ, ಕಾರು ಏರಿ ಇಳಿಯುವಂತೆ ಸಣ್ಣ ಇಳಿಜಾರು ಕೊಟ್ಟರೆ ಕಾರು ತಾನಾಗಿಯೇ ನಿಧಾನಿಸುತ್ತದೆ. ಗೇಟಿನ ಅಕ್ಕಪಕ್ಕದ ಗೋಡೆಯನ್ನು ಒಂದೆರಡು ಮೀಟರಿನಷ್ಟು ಉದ್ದಕ್ಕೆ ಸೊಂಟದೆತ್ತರಕ್ಕೆ ಇಳಿಸುವುದು ನಮ್ಮ ಪಾಲಿನ ಕೆಲಸ. ಸಭೆಯಲ್ಲಿ ಗೇಟಿನ ಬಗ್ಗೆ ಒಂದು ಗಂಟೆ ಮಾತನಾಡಿದ ನಾವು, ಪಥ ಏಕಮುಖವೋ ದ್ವಿಮುಖವೋ ಎಂದು ಒಮ್ಮೆಯೂ ಕೇಳಲಿಲ್ಲ.

ಇನ್ನು ವಾಹನ ನಿಲುಗಡೆ. ನಿಂತ ಕಾರುಗಳ ಪಕ್ಕದಲ್ಲೇ ಬಿಳಿ ಗೆರೆ ಎಳೆದು ಅದನ್ನು ಸೈಕಲ್ ಪಥ ಎಂದು ಕರೆದರೆ ಸಾಕು, ಯಾರ ನಿಲುಗಡೆಯೂ ಹೋಗುವುದಿಲ್ಲ ಎಂಬ ಸಲಹೆಗೆ ಸಭೆಯಲ್ಲಿ ಚಪ್ಪಾಳೆ ಬಿತ್ತು. ಮನೆಗೆ ಬಂದು ನನ್ನ ಕಾರಿನ ಬಾಗಿಲನ್ನು ಪೂರ್ತಿ ತೆರೆದು ಟೇಪ್ ಹಿಡಿದೆ. ಕಾರಿನ ಮೈಯಿಂದ ಬಾಗಿಲಿನ ಅಂಚಿಗೆ ಹೆಚ್ಚುಕಡಿಮೆ 1 ಮೀಟರ್ ಬಂತು. ಸೈಕಲ್ಲಿನ ಹ್ಯಾಂಡಲ್ ಅಗಲ 60ರಿಂದ 70 ಸೆಂಟಿಮೀಟರ್. ನೇರವಾಗಿ ಹೋಗುತ್ತಿರುವಂತೆ ಕಂಡರೂ ಸವಾರರು ಅತ್ತಿತ್ತ ತೂಗುವುದರಿಂದ ಒಬ್ಬರಿಗೆ 1 ಮೀಟರ್ ಅಗಲ ಬೇಕೇ ಬೇಕು. ನಿಧಾನವಾಗಿ ತುಳಿಯುವ ಮಕ್ಕಳು ಇನ್ನೂ ಹೆಚ್ಚು ತೂಗುತ್ತಾರೆ. ಅಂದರೆ ಗೆರೆ ಎಳೆಯುವ ಜಾಗ ಸರಿಯಾಗಿ ಬಾಗಿಲು ತೆರೆದುಕೊಳ್ಳುವ ಜಾಗವೇ. ಇಂತಹ ಅಪಘಾತ ತಪ್ಪಿಸಲೆಂದೇ ಬ್ರಿಟನ್ನಿನ ಹೆದ್ದಾರಿ ಸಂಹಿತೆಯಲ್ಲಿ 2022ರಲ್ಲಿ, ಬಾಗಿಲಿನಿಂದ ದೂರವಿರುವ ಕೈಯಿಂದ ಬಾಗಿಲು ತೆರೆಯಬೇಕೆಂಬ ಸಲಹೆಯನ್ನು ಸೇರಿಸಲಾಯಿತು. ಹಾಗೆ ಮಾಡಿದಾಗ ಮೈ ತಿರುಗಿ, ಕಣ್ಣು ಹಿಂದೆ ಬರುವವರ ಮೇಲೆ ಬೀಳುತ್ತದೆ. ಒಳ್ಳೆಯ ಅಭ್ಯಾಸವೇ ಸರಿ, ಆದರೆ ಅವಸರದಲ್ಲಿ ಇಳಿಯುವ ಪ್ರತಿಯೊಬ್ಬರೂ ಅದನ್ನು ನೆನಪಿಡುತ್ತಾರೆಂದು ನಂಬಿ ಪಥ ಕಟ್ಟಲಾಗದು. ಕೋಪನ್‌ಹೇಗನ್ ನಗರದಲ್ಲಿ ಪಥವು ರಸ್ತೆಗಿಂತ ಒಂದು ಮೆಟ್ಟಿಲು ಎತ್ತರದಲ್ಲಿ, ಫುಟ್‌ಪಾತಿಗಿಂತ ಒಂದು ಮೆಟ್ಟಿಲು ತಗ್ಗಿನಲ್ಲಿ, ನಿಂತ ಕಾರುಗಳಿಗೂ ಫುಟ್‌ಪಾತಿಗೂ ನಡುವೆ ಸಾಗುತ್ತದೆ. ಅಲ್ಲಿ ನಿಂತ ಕಾರುಗಳೇ ಸವಾರರಿಗೆ ತಡೆಗೋಡೆ. ನಮ್ಮ ರಸ್ತೆಯಲ್ಲಿ ಇದು ಸಾಧ್ಯವಾಗಬೇಕಾದರೆ ಒಂದು ಬದಿಯ ನಿಲುಗಡೆ ಹೋಗಲೇಬೇಕು, ಉಳಿದ ಬದಿಯಲ್ಲೂ ಕಾರಿಗೂ ಪಥಕ್ಕೂ ನಡುವೆ ಬಾಗಿಲು ತೆರೆಯುವಷ್ಟು ಅಂತರ ಬಿಡಬೇಕು. ಎರಡು ಕಾರುಗಳಿರುವ ಮನೆಗಳಿಗೆ ಇದರಿಂದ ತೊಂದರೆಯಾಗುವುದು ನಿಜ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ತೊಂದರೆಯ ಹೆಸರು ಅನಾನುಕೂಲ. ಅದನ್ನು ಸುರಕ್ಷತೆಯ ಪ್ರಶ್ನೆ ಎಂದು ಮನವಿಯಲ್ಲಿ ಬರೆದದ್ದು ಸರಿಯಾಗಲಿಲ್ಲ.

ಕಾಲುವೆಯ ದಂಡೆಯ ವಿಷಯಕ್ಕೆ ಬರುತ್ತೇನೆ. ನಕ್ಷೆಯ ಮೇಲೆ ಅದು ಸುಂದರವಾಗಿದೆ: ವಾಹನಗಳಿಲ್ಲ, ಅಡ್ಡರಸ್ತೆಗಳಿಲ್ಲ, ಗೇಟುಗಳಿಲ್ಲ. ಒಂದು ಸಂಜೆ ಆ ದಾರಿಯನ್ನು ನಡೆದು ನೋಡಿದೆ. ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಉದ್ದಕ್ಕೂ ಮನೆಗಳ ಹಿಂಗೋಡೆ. ಒಮ್ಮೆ ಒಳಗೆ ಹೋದರೆ ಮುಂದಿನ ಸೇತುವೆಯವರೆಗೆ ಹೊರಬರಲು ದಾರಿಯೇ ಇಲ್ಲ. ಯಾವ ಮನೆಯ ಕಿಟಕಿಯೂ ಆ ಕಡೆಗೆ ತೆರೆದಿಲ್ಲ. ಕತ್ತಲಾದ ಮೇಲೆ ಅಲ್ಲಿಗೆ ತಮ್ಮ ಮಗಳನ್ನು ಸೈಕಲ್ಲಿನಲ್ಲಿ ಕಳುಹಿಸುವಿರಾ ಎಂದು ಮನವಿಗೆ ಸಹಿ ಹಾಕಿದ ನಾಲ್ಕಾರು ಮನೆಗಳವರನ್ನು ಕೇಳಿದೆ. ಎಲ್ಲರೂ ಒಂದು ಕ್ಷಣ ಸುಮ್ಮನಾಗಿ, ದೀಪ ಹಾಕಿಸಿದರೆ ನೋಡೋಣ ಎಂದರು. ದೀಪ ಹಾಕಿಸಬಹುದು, ಆದರೆ ದೀಪದ ಕೆಳಗೆ ಯಾರೂ ಇಲ್ಲದ ದಾರಿಯಲ್ಲಿ ಒಂಟಿತನ ಇನ್ನಷ್ಟು ಸ್ಪಷ್ಟವಾಗಿ ಕಾಣಿಸುತ್ತದೆ, ಅಷ್ಟೇ. ಹಿಂಗೋಡೆಯವರ ಅಳಲೂ ಇದೆ: ದಂಡೆ ಎತ್ತರದಲ್ಲಿರುವುದರಿಂದ ಸೈಕಲ್ ಮೇಲೆ ಕುಳಿತವರ ಕಣ್ಣು ಗೋಡೆಯ ಮೇಲಿಂದ ನೇರವಾಗಿ ಹಿತ್ತಲಿಗೆ ಬೀಳುತ್ತದೆ. ಸಭೆಗೆ ಅವರಲ್ಲಿ ಬಂದಿದ್ದವರು ಕಡಿಮೆ, ಹಾಗಾಗಿ ಅವರ ಮಾತು ನಡಾವಳಿಯಲ್ಲಿ ಒಂದೇ ಸಾಲಿನಲ್ಲಿ ಮುಗಿದಿದೆ. ಬೆಳಗಿನ ವಾಯುವಿಹಾರಕ್ಕೆ ಆ ದಂಡೆ ಚೆನ್ನಾಗಿದೆ, ಅದನ್ನು ನಡೆಯುವವರಿಗಾಗಿ ಸರಿಪಡಿಸಲಿ.

ಯಾರಿಗೂ ಅಡ್ಡಿಯಾಗದ ಕಡೆ ಪಥ ಹಾಕಿದರೆ ಅದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ನಾವೇ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಇಂದು ಸೈಕಲ್ಲಿಗೆ ಹೆಸರಾದ ನೆದರ್‌ಲೆಂಡ್ಸ್ ಕೂಡ ಮೊದಲಿನಿಂದಲೂ ಹಾಗಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಮಕ್ಕಳು ಸಾಯುತ್ತಿದ್ದುದನ್ನು ವಿರೋಧಿಸಿ ಪೋಷಕರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಆ ಚಳವಳಿಗೆ ಬಲ ನೀಡಿತು. ಆಗ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಮಾದರಿಯೆಂದು ಒಂದೊಂದು ಉತ್ತಮ ಸೈಕಲ್ ಮಾರ್ಗವನ್ನು ನಿರ್ಮಿಸಿದರು. ಆ ಮಾರ್ಗಗಳಲ್ಲಿ ಸವಾರರು ಹೆಚ್ಚಿದರೂ ಒಟ್ಟಾರೆ ನಗರದ ಸೈಕಲ್ ಬಳಕೆಯಲ್ಲಿ ನಿರೀಕ್ಷಿಸಿದಷ್ಟು ಬದಲಾವಣೆ ಆಗಲಿಲ್ಲ. 1980ರ ದಶಕದಲ್ಲಿ ಡೆಲ್ಫ್ಟ್ ನಗರ ಬೇರೆ ದಾರಿ ಹಿಡಿದು, ಮನೆ, ಶಾಲೆ, ಅಂಗಡಿ, ನಿಲ್ದಾಣಗಳನ್ನು ಜೋಡಿಸುವ ಜಾಲವನ್ನೇ ಹೆಣೆಯಿತು; ತುಂಡು ತುಂಡಾಗಿದ್ದ ದಾರಿಗಳ ನಡುವಿನ ಕೊಂಡಿಗಳನ್ನು ಕೂಡಿಸುವುದೇ ಅಲ್ಲಿ ಮುಖ್ಯ ಕೆಲಸವಾಗಿತ್ತು. ನಮ್ಮ ಕಾಲುವೆಯ ಪಥ ಎರಡು ಸೇತುವೆಗಳ ನಡುವೆ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಅದಕ್ಕೆ ಕೊಂಡಿಯೇ ಇಲ್ಲ.

ಒಳಗಿನ ಅಡ್ಡರಸ್ತೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಬೇರೆ ಪಥವೇ ಅನಾವಶ್ಯಕ. ವಾಹನಗಳ ವೇಗವನ್ನು ಇಳಿಸಿದರೆ ಸಾಕು. ಸೈಕಲ್ ಸವಾರರು ಮತ್ತು ಪಾದಚಾರಿಗಳು ವಾಹನಗಳೊಂದಿಗೆ ಬೆರೆಯುವ ಕಡೆ ಗರಿಷ್ಠ ವೇಗ ಗಂಟೆಗೆ 30 ಕಿ.ಮೀ. ಇರಬೇಕೆಂದು ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳುತ್ತದೆ. ಆದರೆ ಫಲಕ ನೆಟ್ಟ ಮಾತ್ರಕ್ಕೆ ವೇಗ ಇಳಿಯುವುದಿಲ್ಲ. ರಸ್ತೆಯನ್ನು ಕಿರಿದಾಗಿಸಬೇಕು, ತಿರುವುಗಳನ್ನು ಬಿಗಿ ಮಾಡಬೇಕು, ಮುಖ್ಯರಸ್ತೆಯ ದಟ್ಟಣೆ ತಪ್ಪಿಸಲು ಒಳಗೆ ನುಗ್ಗುವ ವಾಹನಗಳಿಗೆ ದಾರಿ ಮುಚ್ಚಬೇಕು.

ಪಥಕ್ಕಾಗಿ ಫುಟ್‌ಪಾತನ್ನೇ ಅರ್ಧಕ್ಕೆ ಕತ್ತರಿಸುವ ಸಲಹೆಯನ್ನು ಹಿರಿಯ ನಾಗರಿಕರು ವಿರೋಧಿಸಿದ್ದಾರೆ, ಅವರ ಮಾತು ನೂರಕ್ಕೆ ನೂರು ಸರಿ. ಕಿವಿ ಮಂದವಾದವರ ಬೆನ್ನ ಹಿಂದೆ ಸದ್ದಿಲ್ಲದೆ ಬರುವ ಸೈಕಲ್ ಎಂತಹ ದಿಗಿಲು ಹುಟ್ಟಿಸುತ್ತದೆ ಎಂಬುದನ್ನು ನನ್ನ ತಾಯಿಯ ಮುಖದಲ್ಲಿ ನೋಡಿದ್ದೇನೆ. ಮೋಟಾರು ವಾಹನಗಳಿಂದ ಪಡೆಯಲು ಧೈರ್ಯ ಸಾಲದ ಜಾಗವನ್ನು ನಡೆಯುವವರಿಂದ ಕಿತ್ತುಕೊಳ್ಳುವುದು ನ್ಯಾಯವಲ್ಲ. ಬೈಕುಗಳು ಪಥಕ್ಕೆ ನುಗ್ಗುತ್ತವೆ ಎಂಬ ದೂರೂ ಸಕಾರಣವಾದುದೇ. ಆದರೆ ಅದನ್ನು ತಡೆಯಲು ಒತ್ತೊತ್ತಾಗಿ ಕಂಬ ನೆಟ್ಟರೆ ಗಾಲಿಕುರ್ಚಿಯೂ ಮೂರು ಚಕ್ರದ ಸೈಕಲ್ಲೂ ಒಳಗೆ ಹೋಗಲಾರವು, ಕತ್ತಲಲ್ಲಿ ಸವಾರರು ಅದೇ ಕಂಬಕ್ಕೆ ಗುದ್ದಿಕೊಳ್ಳುತ್ತಾರೆ. ಕಂಬಗಳ ನಡುವೆ ಸುಮಾರು ಒಂದೂವರೆ ಮೀಟರ್ ಬಿಟ್ಟು ಅವುಗಳಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಹಚ್ಚಬೇಕು. ಬೈಕಿನವರನ್ನು ತಡೆಯುವುದು ಕಂಬದ ಕೆಲಸವಲ್ಲ, ದಂಡ ಹಾಕುವವರ ಕೆಲಸ. ಇಷ್ಟು ಬರೆಯುವಾಗ ಇನ್ನೊಂದು ನೆನಪಾಯಿತು, ಚಿಕ್ಕದೆನಿಸಿದರೂ ಹೇಳಿಬಿಡುತ್ತೇನೆ: ನಮ್ಮ ಮುಖ್ಯರಸ್ತೆಯ ಅಂಚಿನ ಚರಂಡಿಗಳ ಮೇಲಿನ ಕಬ್ಬಿಣದ ಜಾಲರಿಗಳ ಸಂದುಗಳು ರಸ್ತೆಯ ಉದ್ದಕ್ಕೇ ಇವೆ. ತೆಳುವಾದ ಟೈರು ಅದರೊಳಗೆ ಸಿಕ್ಕಿದರೆ ಸವಾರ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಪಥ ಎಲ್ಲಿಯೇ ಬರಲಿ, ಆ ಜಾಲರಿಗಳನ್ನು ಅಡ್ಡಕ್ಕೆ ತಿರುಗಿಸಿ ಕೂರಿಸಲು ಯಾವ ಸಭೆಯ ಒಪ್ಪಿಗೆಯೂ ಬೇಕಿಲ್ಲ.

ಮರಗಳ ವಿಷಯದಲ್ಲಿ ಮಾತ್ರ ನನಗೆ ಮನವಿದಾರರೊಂದಿಗೆ ಪೂರ್ಣ ಸಹಮತವಿದೆ. ಬಿಸಿಲಿನಲ್ಲಿ ತುಳಿಯುವವರಿಗೆ ನೆರಳಿಲ್ಲದ ಪಥ ಕೊಟ್ಟು ಪ್ರಯೋಜನವಿಲ್ಲ, ಆದ್ದರಿಂದ ಮರವಿರುವ ಕಡೆ ಪಥ ಬಳಸಿಕೊಂಡು ಹೋಗಲಿ; ಬೇರಿಗೆ ಉಸಿರಾಡಲು ಜಾಗ ಬಿಡದೆ ಡಾಂಬರು ಹಾಕಿದರೆ ಕೆಲವೇ ವರ್ಷಗಳಲ್ಲಿ ಬೇರು ಅದನ್ನು ಎಬ್ಬಿಸಿಬಿಡುತ್ತದೆ.

ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಕಾಂಕ್ರೀಟ್ ಸುರಿಯುವ ಮೊದಲು ಮುಖ್ಯರಸ್ತೆಯ ಎರಡೂ ಬದಿಗಳಲ್ಲಿ, ಸುಲಭವಾಗಿ ಸರಿಸಬಹುದಾದ ತಡೆಗಳನ್ನಿಟ್ಟು, ಮಳೆಗಾಲವೂ ಸೇರುವಂತೆ ಕೆಲವು ತಿಂಗಳು ಏಕಮುಖ ಪಥವನ್ನು ಪ್ರಯೋಗ ಮಾಡಿ ನೋಡಲಿ. ಎಲ್ಲಿ ನೀರು ನಿಲ್ಲುತ್ತದೆ, ಯಾವ ಗೇಟಿನಲ್ಲಿ ಕಾರು ತಿರುಗುವುದಿಲ್ಲ, ಆಂಬುಲೆನ್ಸ್ ಮತ್ತು ಕಸದ ಲಾರಿ ಎಲ್ಲಿ ಸಿಕ್ಕಿಕೊಳ್ಳುತ್ತವೆ, ಬಸ್ಸಿನಿಂದ ಇಳಿದವರು ಪಥವನ್ನು ಹೇಗೆ ದಾಟುತ್ತಾರೆ ಎಂಬುದು ನಕ್ಷೆಗಿಂತ ಆಗ ಚೆನ್ನಾಗಿ ತಿಳಿಯುತ್ತದೆ. ಮುಂದಿನ ಸಭೆಯನ್ನು ಶಾಲೆ ಬಿಟ್ಟ ಮೇಲೆ ಕರೆದು, ನಿತ್ಯ ಸೈಕಲ್ ತುಳಿಯುವ ಮಕ್ಕಳನ್ನೂ, ಸೈಕಲ್ಲಿನಲ್ಲೇ ನಮ್ಮ ಮನೆಗಳಿಗೆ ಕೆಲಸಕ್ಕೆ ಬಂದು ಹೋಗುವವರನ್ನೂ ಕೂರಿಸಿ ಕೇಳಲಿ. ಮೊದಲ ಸಭೆಯಲ್ಲಿ ಅವರಲ್ಲಿ ಯಾರೂ ಇರಲಿಲ್ಲ.

ಕಾಲುವೆಯ ದಂಡೆಯನ್ನು ಕೋರಿ ಸಲ್ಲಿಸಿದ ಮನವಿಯಿಂದ ನನ್ನ ಸಹಿಯನ್ನು ಹಿಂಪಡೆಯುತ್ತಿರುವುದಾಗಿ ನಿವಾಸಿಗಳ ಸಂಘಕ್ಕೆ ಲಿಖಿತವಾಗಿ ತಿಳಿಸಿದ್ದೇನೆ. ನನ್ನ ಗೇಟಿನ ಮುಂದೆ ನಿಲ್ಲುತ್ತಿದ್ದ ಕಾರನ್ನು ಪ್ರಯೋಗದ ಅವಧಿಗೆ ಕಾಂಪೌಂಡಿನ ಒಳಗೆ ನಿಲ್ಲಿಸಲು ಹೂಕುಂಡಗಳನ್ನು ಸರಿಸಿ ಜಾಗ ಮಾಡಿಕೊಂಡಿದ್ದೇನೆ.

ಇತಿ,
ಮುಖ್ಯರಸ್ತೆಯ ನಿವಾಸಿ