ಸೀನನಿಗೊಂದು ಪತ್ರ: ಕೈ ಚಾಚಿದವನ ಚೆಂಡು

ಪ್ರೀತಿಯ ಸೀನ,

ಹೇಗಿದ್ದೀಯ ಮಾರಾಯ? ಮೊನ್ನೆ ಫೋನಿನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಒಂದು ರೂಲ್ ಬಗ್ಗೆ ನಮ್ಮ ಜಗಳ ಅರ್ಧಕ್ಕೇ ನಿಂತುಹೋಯಿತು. ನೀನು "ಆ ರೂಲ್ ಬದಲಾಗಬಾರದು" ಅಂದೆ. ನಾನು "ಆಗಲೇಬೇಕು" ಅಂದೆ. ಅಷ್ಟರಲ್ಲಿ ನಿಮ್ಮನೆ ಕುಕ್ಕರ್ ಕೂಗಿತು. ಉಳಿದದ್ದನ್ನು ಬರೆದೇ ಹೇಳುತ್ತೇನೆ. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಬೇಸರ ಮಾಡ್ಕೋಬೇಡ. ನಮ್ಮ ಹಾಸ್ಟೆಲ್ ಹುಡುಗರೂ ಓದುತ್ತಾರೆ ಅಂತ ಗೊತ್ತು. ಮೂರನೇ ಇಡ್ಲಿಯ ವಿಷಯ ಎತ್ತುವುದಿಲ್ಲ, ಆಣೆ.

ನಿನಗೆ ಗೊತ್ತಿರುವುದೇ, ಆದರೂ ಶಿವಮೊಗ್ಗದಲ್ಲಿ ಕೂತು ಓದುವವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನದು 100 ಗಜದ ಮೈದಾನ. ಎರಡೂ ತುದಿಯಲ್ಲಿ 10 ಗಜದ ಎಂಡ್ ಝೋನ್. ಚೆಂಡನ್ನು ಎದುರಾಳಿಯ ಎಂಡ್ ಝೋನ್ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಓಡುವಾಗ ಚೆಂಡು ಕೈ ಜಾರಿದರೆ ಅದು ಫಂಬಲ್. ಜಾರಿದ ಚೆಂಡು ಯಾರ ಕೈಗೆ ಸಿಕ್ಕಿತೋ ಅವರದು. ಯಾರಿಗೂ ಸಿಗದೆ ಪಕ್ಕದ ಗೆರೆ ದಾಟಿ ಹೊರಗೆ ಹೋದರೆ, ಕೈ ಬಿಟ್ಟ ತಂಡಕ್ಕೇ ವಾಪಸ್. ಮುಂದಕ್ಕೆ ಜಾರಿದ್ದರೆ, ಜಾರಿದ ಜಾಗದಿಂದಲೇ ಮತ್ತೆ ಆಟ. ಇಲ್ಲಿಯವರೆಗೆ ನ್ಯಾಯವೇ.

ಆದರೆ ಅದೇ ಚೆಂಡು ಎಂಡ್ ಝೋನ್ ಒಳಗೆ ಉರುಳಿ ಅಲ್ಲಿಂದ ಹೊರಗೆ ಹೋಯಿತು ಅಂದ್ಕೊಳ್ಳಿ. ಅದು ಟಚ್‌ಬ್ಯಾಕ್. ಚೆಂಡು ಎದುರಾಳಿಗೆ, ಅವರ 20 ಗಜದ ಗೆರೆಯಲ್ಲಿ. ಅವರಲ್ಲಿ ಒಬ್ಬನೂ ಅದನ್ನು ಹಿಡಿದಿರಬೇಕಾಗಿಲ್ಲ. ಮೂಲೆಯಲ್ಲಿ ಕಿತ್ತಳೆ ಬಣ್ಣದ ಒಂದು ಮೆತ್ತನೆಯ ಕಂಬ ಇರುತ್ತದೆ, ಪೈಲಾನ್ ಅಂತಾರೆ. ಅದರ ಈಚೆ ಹೊರಗೆ ಹೋದರೆ ನಮ್ಮದು, ಅದಕ್ಕೆ ತಾಗಿದರೂ ಅವರದು.

ಸೀನ, ನಾನು ಯಾವ ದಿನದ ಮಾತಾಡುತ್ತೇನೆ ಅಂತ ನಿನಗೆ ಗೊತ್ತು. 2021ರ ಜನವರಿ 17. ನಿನ್ನ ಕ್ಯಾನ್ಸಾಸ್ ಸಿಟಿಯಲ್ಲೇ. ನಮ್ಮ ಕ್ಲೀವ್‌ಲ್ಯಾಂಡ್ ಬ್ರೌನ್ಸ್ 2002ರ ನಂತರ ಮೊದಲ ಸಲ ಪ್ಲೇಆಫ್‌ಗೆ ಬಂದಿದ್ದರು. ಹಿಂದಿನ ವಾರ ಪಿಟ್ಸ್‌ಬರ್ಗ್‌ಗೆ 48-37 ಬಾರಿಸಿದ್ದರು. ಅವತ್ತು ಇಡೀ ಬೀದಿಯಲ್ಲಿ ಪಟಾಕಿ. ನಿಮ್ಮ ಚೀಫ್ಸ್ ಎದುರು 16-3ರಲ್ಲಿ ಹಿಂದಿದ್ದಾಗ ನಮ್ಮ ರಶಾರ್ಡ್ ಹಿಗಿನ್ಸ್ ಚೆಂಡು ಹಿಡಿದ, ಮೂಲೆಗೆ ಓಡಿದ, ಪೈಲಾನ್ ಕಡೆ ಮೈ ಎಸೆದು ಕೈ ಚಾಚಿದ. ನಿಮ್ಮ ಡೇನಿಯಲ್ ಸೊರೆನ್ಸನ್ ತಲೆ ಮುಂದೆ ಮಾಡಿ ಗುದ್ದಿದ. ಹೆಲ್ಮೆಟ್‌ಗೆ ಹೆಲ್ಮೆಟ್. ಅದಕ್ಕೆ ರೆಫರಿಯ ಫೌಲ್ ಫ್ಲಾಗ್ ಬೀಳಲಿಲ್ಲ. ಚೆಂಡು ಗೆರೆ ಮುಟ್ಟುವ ಮೊದಲೇ ಹಾರಿ ಎಂಡ್ ಝೋನ್ ಮೂಲಕ ಹೊರಗೆ ಹೋಯಿತು. ಆಮೇಲೆ ನೀವು ಇನ್ನೊಂದು ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು ಗಳಿಸುವ 3 ಅಂಕ) ಹೊಡೆದಿರಿ. ಕೊನೆಗೆ 22-17. ಐದೇ ಅಂಕ ಕಣೋ.

ಅವತ್ತು ರಾತ್ರಿ ನೀನು ಹೇಳಿದ್ದು ನೆನಪಿದೆ. "ಎಂಡ್ ಝೋನ್ ಅವರ ಮನೆ ಅಂಗಳ. ಅಂಗಳಕ್ಕೆ ಎಸೆದದ್ದು ಅವರಿಗೆ." ಮಾತು ಚೆನ್ನಾಗಿದೆ. 1978ರ ಓಕ್ಲ್ಯಾಂಡ್ ಆಟವನ್ನೂ ನೀನೇ ತೆಗೆದೆ. ಕೆನ್ ಸ್ಟೇಬ್ಲರ್ ಕೊನೆಯ ಗಳಿಗೆಯಲ್ಲಿ ಚೆಂಡನ್ನು ಮುಂದಕ್ಕೆ ಚೆಲ್ಲಿದ. ಜೊತೆಗಾರರು ಅದನ್ನು ತಳ್ಳುತ್ತಾ ಎಂಡ್ ಝೋನ್‌ಗೆ ಒಯ್ದು ಸ್ಯಾನ್ ಡಿಯಾಗೋವನ್ನು 21-20ರಲ್ಲಿ ಸೋಲಿಸಿದರು. ಬಿಟ್ಟರೆ ಎಲ್ಲರೂ ಹೀಗೇ ಮಾಡುತ್ತಾರೆ ಅನ್ನೋದು ನಿನ್ನ ವಾದ. ಆದರೆ ಅದಕ್ಕೆ ಮುಂದಿನ ವರ್ಷವೇ ಬೇರೆ ರೂಲ್ ತಂದರು. ನಾಲ್ಕನೇ ಡೌನ್‌ನಲ್ಲಿ, ಅಂದರೆ ತಂಡದ ನಾಲ್ಕನೇ, ಕೊನೆಯ ಯತ್ನದಲ್ಲಿ, ಇಲ್ಲವೇ ಕೊನೆಯ ಎರಡು ನಿಮಿಷದಲ್ಲಿ, ಚೆಂಡು ಬಿಟ್ಟವನು ಮಾತ್ರ ಅದನ್ನು ಮುಂದಕ್ಕೆ ಒಯ್ಯಬಹುದು. ಕಳ್ಳದಾರಿ ಆಗಲೇ ಮುಚ್ಚಿದೆ. ಮತ್ತೆ ಈ ಶಿಕ್ಷೆ ಯಾಕೆ?

2024ರ ಜನವರಿಯಲ್ಲಿ ಬಫಲೋದಲ್ಲಿ ನಿಮ್ಮ ಮಿಕೋಲ್ ಹಾರ್ಡ್‌ಮನ್ ಗೆರೆಯ ಹತ್ತಿರ ಹೀಗೇ ಚೆಂಡು ಕಳೆದ. ಆಗ ನೀನೇ ಫೋನ್ ಮಾಡಿ "ಇದೊಂದು ರೂಲಾ?" ಅಂತ ಕೂಗಾಡಿದ್ದೆ. 27-24ರಲ್ಲಿ ಗೆದ್ದ ಮೇಲೆ ಮತ್ತೆ ರೂಲ್ ಸರಿ ಹೋಯಿತು, ಅಲ್ವಾ?

ನನ್ನ ಲೆಕ್ಕ ಸುಲಭ. ಎದುರಾಳಿ ಹಿಡಿದರೆ ಅವನದು, ಅದರಲ್ಲಿ ಮಾತಿಲ್ಲ. ಯಾರೂ ಹಿಡಿಯದೆ ಹೊರಗೆ ಹೋದರೆ, ಓಡುತ್ತಿದ್ದ ತಂಡಕ್ಕೇ ಕೊಡಿ, ಆದರೆ 20 ಗಜದ ಗೆರೆಗೆ ಹಿಂದೆ ತಳ್ಳಿ. ತಪ್ಪಿಗೆ ದಂಡ ಇರಲಿ, ಮನೆ ಜಪ್ತಿ ಬೇಡ. ನಮ್ಮ ಕಬಡ್ಡಿ ನೋಡು. ನಾಲ್ಕು ಜನ ಕಾಲು ಹಿಡಿದು ಎಳೆಯುತ್ತಿದ್ದರೂ ರೈಡರ್ ಬೆರಳ ತುದಿ ನಡುಗೆರೆ ಮುಟ್ಟಿದರೆ ಹಿಡಿದವರೆಲ್ಲ ಔಟ್. ಮುಟ್ಟದಿದ್ದರೆ ಅವನೊಬ್ಬ ಔಟ್. ಇಡೀ ತಂಡವನ್ನು ಮನೆಗೆ ಕಳಿಸುವುದಿಲ್ಲ.

ಇಷ್ಟು ಬರೆದು ನಿಲ್ಲಿಸಬೇಕು ಅಂತಿದ್ದೆ. ಆಗುತ್ತಿಲ್ಲ.

ಕಳೆದ ಅಕ್ಟೋಬರ್‌ನಲ್ಲಿ ಒಂದು ಗುರುವಾರ ಸಂಜೆ ಮಗನ ಆಟ ಇತ್ತು. ಒಂಬತ್ತನೇ ಕ್ಲಾಸಿನ ತಂಡ. ಹೈಸ್ಕೂಲ್ ಆಟದಲ್ಲೂ ಇದೇ ರೂಲ್. ನಾಲ್ಕು ಗಜ ಉಳಿದಿತ್ತು. ಒಬ್ಬ ಅವನ ಸೊಂಟ ಹಿಡಿದಿದ್ದ. ಇವನು ಬಲಗೈ ಪೂರ್ತಿ ಚಾಚಿದ. ಚೆಂಡು ಜಾರಿ ಪೈಲಾನ್‌ಗೆ ಬಡಿಯಿತು. ರೆಫರಿ ಕೈ ಬೀಸಿದರು. ಟಚ್‌ಬ್ಯಾಕ್. ಅವನು ಎದ್ದೇಳದೆ ಆ ಕಿತ್ತಳೆ ಕಂಬವನ್ನೇ ನೋಡುತ್ತಾ ಬಿದ್ದಿದ್ದ.

ಕಾರಿನಲ್ಲಿ ಹೀಟರ್ ಹಾಕಿದ್ದೆ. ಅವನು ಸಾಕ್ಸ್ ತೆಗೆದ. ಮೈದಾನದ ಕಪ್ಪು ರಬ್ಬರ್ ಹರಳು ಸಾಸಿವೆ ಚೆಲ್ಲಿದ ಹಾಗೆ ಮ್ಯಾಟ್ ಮೇಲೆ ಉದುರಿತು. ನಾನು ಹೇಳಿದ ಮೊದಲ ಮಾತು: "ಅಷ್ಟು ಕೈ ಚಾಚೋ ಅಗತ್ಯ ಏನಿತ್ತು? ಸುಮ್ನೆ ಬಿದ್ದಿದ್ರೆ ಆಗ್ತಿರಲಿಲ್ವಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಅಪ್ಪಾ, ಹಿಗಿನ್ಸ್ ಚಾಚಿದ್ದು ಸರಿ ಅಂತ ನೀನೇ ಹೇಳ್ತಿದ್ದೆ ಅಲ್ವಾ?"

ಸಿಗ್ನಲ್ ಹಸಿರಾಗಿತ್ತು. ಹಿಂದಿನವನು ಹಾರ್ನ್ ಹೊಡೆದ ಮೇಲೇ ನನಗೆ ಗೊತ್ತಾಗಿದ್ದು.

ಮುಂದಿನ ವಾರದ ಆಟದಲ್ಲಿ ಮತ್ತೆ ಅಂಥದೇ ಅವಕಾಶ ಬಂತು. ಅವನು ಎರಡೂ ಕೈಯಿಂದ ಚೆಂಡನ್ನು ಎದೆಗೆ ಅವುಚಿಕೊಂಡು ಮೂರು ಗಜ ಇರುವಾಗಲೇ ಬಗ್ಗಿ ಕುಸಿದ. ಕೋಚ್ ಬೆನ್ನು ತಟ್ಟಿದರು. ಸುತ್ತ ಇದ್ದವರು ಚಪ್ಪಾಳೆ ಹೊಡೆದರು. ನನಗೆ ಮಾತ್ರ ಗಂಟಲು ಕಟ್ಟಿತು. ಆ ಬಗ್ಗುವಿಕೆ ನನ್ನದು. ನಾನೇ ಕಲಿಸಿದ್ದು.

ಎಲ್ಲಿಂದ ಬಂತು ಅದು ಅಂತ ಯೋಚಿಸಿದೆ. 2018ರಲ್ಲಿ ನೀನು "ಕೆಲಸ ಬಿಡು, ಇಬ್ಬರೂ ಸೇರಿ ಏನಾದರೂ ಶುರು ಮಾಡೋಣ" ಅಂದೆ. ನಿನಗೆ ಆಗಲೇ ಗ್ರೀನ್ ಕಾರ್ಡ್ ಬಂದಿತ್ತು. ನಾನು ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೆ. ಕೆಲಸ ಹೋದರೆ 60 ದಿನ, ಅಷ್ಟರಲ್ಲಿ ಇನ್ನೊಂದು ಸಿಗದಿದ್ದರೆ ಗಂಟುಮೂಟೆ. ಮಗ ಆಗ ಎರಡನೇ ಕ್ಲಾಸು. ನಾನು ನಿನಗೆ "ಹೆಂಡತಿ ಬೇಡ ಅಂದಳು" ಅಂತ ಹೇಳಿದೆ. ಅವಳು ಹಾಗೆ ಹೇಳಿರಲಿಲ್ಲ ಸೀನ. ಅವಳನ್ನು ನಾನು ಕೇಳಲೇ ಇಲ್ಲ. ಹೆದರಿದ್ದು ನಾನು. ಇಷ್ಟು ವರ್ಷ ಚೆಂಡನ್ನು ಎರಡೂ ಕೈಯಲ್ಲಿ ಅವುಚಿಕೊಂಡೇ ಇದ್ದೇನೆ. ಒಂದು ಸಲ ಜಾರಿದರೆ ಎಲ್ಲವೂ ಹೋಗುತ್ತದೆ ಅಂತಾದರೆ ಯಾರು ತಾನೇ ಕೈ ಚಾಚುತ್ತಾರೆ?

ಇದನ್ನು ನಿನ್ನೊಬ್ಬನಿಗೆ ಹೇಳಬೇಕಿತ್ತು. ಬರೆದಾಯಿತು, ಅಳಿಸುವುದಿಲ್ಲ.

ಇರಲಿ, ಮಾತು ಬೇರೆ ಕಡೆ ಹೋಯಿತು. ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳಲ್ಲಿ 24 ಒಪ್ಪಿದರೆ ರೂಲ್ ಬದಲಾಗುತ್ತದೆ. ಮಾರ್ಚ್ ಕೊನೆಯಲ್ಲಿ ಮಾಲೀಕರ ಸಭೆ ಇರುತ್ತದೆ. ನಿನ್ನ ಚೀಫ್ಸ್ ಮತ ನೀನು ಹಾಕಿಸು, ಬ್ರೌನ್ಸ್ ಮತ ನನಗೆ ಬಿಡು. ಉಳಿದ 22ನ್ನು ಆ ಮೆಸ್ ಎಲೆಕ್ಷನ್‌ನಲ್ಲಿ ಮಾಡಿದ ಹಾಗೇ ಮಾಡೋಣ.

ಮಗ ಈಗ ಎಡಗೈಯಲ್ಲಿ ಚೆಂಡು ಹಿಡಿದು ಚಾಚುವುದನ್ನು ಕಲಿಯುತ್ತಿದ್ದಾನೆ. ಹಾಲ್‌ನಲ್ಲಿ ಸೋಫಾ ಮೇಲೆ ಹಾರುತ್ತಾನೆ, ನೀರಿನ ಬಾಟಲಿಯೇ ಪೈಲಾನ್. ನಿನ್ನೆ ಒಂದು ಒಡೆಯಿತು. ನಾನು ಏನೂ ಅನ್ನಲಿಲ್ಲ.

ನೀನು ಬರುವಾಗ ಅಪ್ಪೆಮಿಡಿ ತಾ. ಹೋದ ಸಲದ ಬಾಟಲಿಯ ಮುಚ್ಚಳ ಇನ್ನೂ ನನ್ನ ಹತ್ತಿರವೇ ಇದೆ. ಅದರ ಕಥೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಿನ್ನ,
ರೂಮ್ ನಂಬರ್ 14